ಸುಧಾರಿಸಿಕೊಳ್ಳುತ್ತಿರುವ ಊರು

ದೆಹಲಿಯ ಖಾರಿ ಬಾವೋಲಿಗೆ ಹೋದರೆ ನನಗೆ ಊರಿಗೆ ಹೋಗಿಬಂದ ಹಾಗಾಗುತ್ತದೆ ಅಂದರೆ ಇಲ್ಲಿನ ಸ್ನೇಹಿತರು ನಗುತ್ತಾರೆ. ಅಲ್ಲಿರುವುದಾದರೂ ಏನು? ಒಣಮೆಣಸಿನಕಾಯಿಯ ಘಾಟಿಗೆ ಕೆಮ್ಮುವ ಗಿರಾಕಿಗಳು, ತಲೆಯ ಮೇಲೆ ಮೂಟೆ ಹೊತ್ತು ಹಿಂದಿನಿಂದ ಕೂಗುತ್ತಾ ನುಗ್ಗುವ ಹಮಾಲಿಗಳು, ಕೈಗಾಡಿಗಳು. ಆದರೆ ಅದೇ ರಸ್ತೆಗೆ ಅಂಟಿಕೊಂಡ ನಯಾ ಬಾಂಸ್ ಗಲ್ಲಿಗೆ ತಿರುಗಿದಿರೋ, ಮೂಗಿಗೆ ಬಡಿಯುವುದು ಅಡಿಕೆಯ ವಾಸನೆ. ನಾನು ಮಲೆನಾಡಿನ ತೋಟದ ಮನೆಯವನು. ಚಿಕ್ಕಂದಿನಲ್ಲಿ ಅಪ್ಪನ ಹತ್ತಿರ, ಮಂಡಿಗೆ ಹಾಕಿದ ಅಡಿಕೆ ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ, "ಉತ್ತರದ ಕಡೆ ಹೋಗ್ತದೆ" ಅಂದು ಮಾತು ಮುಗಿಸುತ್ತಿದ್ದರು. ಆ ಉತ್ತರದ ಕಡೆ ಎಂಬುದು ಒಂದು ಕತ್ತಲೆ ಗಲ್ಲಿ, ಅದರಲ್ಲೊಂದು ಕಮಾನು ಬಾಗಿಲು, ಒಳಗೆ ನಮ್ಮ ಚೌಕಿ ಮನೆಯಂಥದೇ ಒಂದು ಅಂಗಳ ಅಂತ ಗೊತ್ತಾಗಲು ನಾನು ದೆಹಲಿಗೆ ಬಂದು ಕೆಲವು ವರ್ಷಗಳೇ ಬೇಕಾದವು. ಅಂಗಡಿಯ ಲಾಲಾಜಿ ನಾನು ಕರ್ನಾಟಕದವನು ಅಂದ ಕೂಡಲೇ, "ಶಿಮೋಗಾ? ಸಿರಸಿ?" ಅಂತ ಕೇಳಿದ. ಬೆಂಗಳೂರಿನ ಹೆಸರನ್ನೇ ಎತ್ತದೆ ನನ್ನನ್ನು ಮಾತಾಡಿಸಿದ ಮೊದಲ ದಿಲ್ಲಿವಾಲಾ ಅವನೇ ಇರಬೇಕು.

ಊರಿನಿಂದ ನೆಂಟರು ಬಂದಾಗ ಕೆಂಪುಕೋಟೆ ತೋರಿಸಿ, ಚಾಂದನಿ ಚೌಕದಲ್ಲಿ ಜಿಲೇಬಿ ತಿನ್ನಿಸಿ, ಕೊನೆಗೆ ಈ ಗಲ್ಲಿಗೂ ಕರೆದುಕೊಂಡು ಬರುವುದು ನನ್ನ ರೂಢಿ. ಮುಕ್ಕಾಲು ಪಾಲು ಜನ ಕೇಳುವ ಪ್ರಶ್ನೆ ಒಂದೇ. ತಲೆಯ ಮೇಲೆ ಜೇಡರ ಬಲೆಯಂತೆ ಜೋತುಬಿದ್ದ ಕರೆಂಟಿನ ತಂತಿಗಳನ್ನು, ಕಮಾನಿನ ಕೆತ್ತನೆಯ ಮೇಲೆ ಹೊಡೆದ ಶಟರನ್ನು ನೋಡಿ, "ರಾಜಧಾನಿ ಅಂತೀರಿ, ಇದನ್ನ ಇನ್ನೂ ಯಾಕೆ ಸರಿ ಮಾಡಿಲ್ಲ?" ಅನ್ನುತ್ತಾರೆ.

ಸರಿ ಮಾಡಿದ್ದಾರೆ ಮಾರಾಯ್ರೆ, ಒಂದು ಸಲವಲ್ಲ, ಹತ್ತಾರು ಸಲ. ಬಂದಬಂದವರೆಲ್ಲ ಸರಿ ಮಾಡಿದ್ದೇ ಈ ಊರಿನ ಕಥೆ. ನಮ್ಮ ಭಾಷೆಯಲ್ಲಿ ಒಂದು ತಮಾಷೆಯಿದೆ. ಸುಧಾರಣೆ ಅಂದರೆ ಉತ್ತಮಪಡಿಸುವುದು. ಸುಧಾರಿಸಿಕೊಳ್ಳುವುದು ಅಂದರೆ, ಏಟು ತಿಂದವನು, ಜ್ವರದಿಂದ ಎದ್ದವನು, ಗುಡ್ಡ ಹತ್ತಿದವನು ಮಾಡುವ ಕೆಲಸ. ಹಳೇ ದಿಲ್ಲಿಗೆ ಎರಡೂ ಒಂದರ ಹಿಂದೆ ಒಂದು ಬರುತ್ತಲೇ ಇವೆ.

ಮೊದಲು ಊರು ಹೇಗಿತ್ತು ಅಂತ ಹೇಳಬೇಕು. ಷಾಜಹಾನ್ ಆಗ್ರಾದಿಂದ ರಾಜಧಾನಿ ಬದಲಿಸಲು ನಿಶ್ಚಯಿಸಿ 1639ರಲ್ಲಿ ಕೋಟೆಗೆ ಅಡಿಪಾಯ ಹಾಕಿಸಿದ. 1648ರಲ್ಲಿ ಒಳಗೆ ಕಾಲಿಟ್ಟ. ಊರಿಗೆ ಷಾಜಹಾನಾಬಾದ್ ಅಂತ ಹೆಸರಾಯಿತು. ಕೋಟೆಯ ಎದುರಿನ ಬೀದಿಯನ್ನು ರೂಪಿಸಿದ್ದು ಅವನ ಮಗಳು ಜಹಾನಾರಾ. ಬೀದಿಯ ನಡುವೆ ಕಾಲುವೆ, ಎರಡೂ ಕಡೆ ಅಂಗಡಿ ಸಾಲು, ಮಧ್ಯದ ಚೌಕದಲ್ಲಿ ಒಂದು ಕೊಳ. ಅದರಲ್ಲಿ ಬೆಳದಿಂಗಳು ಬೀಳುತ್ತಿತ್ತು, ಅದಕ್ಕೇ ಚಾಂದನಿ ಚೌಕ ಅನ್ನುತ್ತಾರೆ. ಕೊಳದ ಪಕ್ಕದಲ್ಲಿ ಅವಳು ದೂರದ ವರ್ತಕರಿಗಾಗಿ ದೊಡ್ಡ ಸರಾಯಿಯೊಂದನ್ನೂ ಕಟ್ಟಿಸಿದ್ದಳು. ಪರವೂರಿನವರಿಗೆ ಊರ ನಟ್ಟನಡುವೆ ಜಾಗ ಕೊಟ್ಟ ಹೆಂಗಸು ಅಂತ ನನಗೆ ಅವಳ ಬಗ್ಗೆ ವಿಶೇಷ ಗೌರವ.

ಮೊದಲ ದೊಡ್ಡ ಸುಧಾರಣೆ ಆದದ್ದು 1857ರ ನಂತರ. ಸೆಪ್ಟೆಂಬರಿನಲ್ಲಿ ದೆಹಲಿಯನ್ನು ಮತ್ತೆ ಹಿಡಿದ ಇಂಗ್ಲಿಷರು ಇಡೀ ಊರನ್ನೇ ಖಾಲಿ ಮಾಡಿಸಿದರು. ಹಿಂದೂಗಳನ್ನು ಮೊದಲು ಒಳಗೆ ಬಿಟ್ಟರು, ಮುಸಲ್ಮಾನರನ್ನು ಬಹಳ ತಡವಾಗಿ. ಕೋಟೆಯೊಳಗಿನ ಅರಮನೆಯ ಬಹುಪಾಲು ಕೆಡವಿ ಸೈನಿಕರ ಬ್ಯಾರಕ್ ಎಬ್ಬಿಸಿದರು. ಕೋಟೆಯಿಂದ ತೋಪು ಹಾರಿಸಿದರೆ ಅಡ್ಡ ಬರಬಾರದು ಅಂತ ಸುತ್ತಲಿನ ಮನೆ, ಬಜಾರು, ಮಸೀದಿಗಳನ್ನು ನೆಲಸಮ ಮಾಡಿ ಬಯಲು ಮಾಡಿದರು. ಇವತ್ತು ನಾವು ಫೋಟೋ ಹೊಡೆಸಿಕೊಳ್ಳುವ, ಕೋಟೆ ಮತ್ತು ಜಾಮಾ ಮಸೀದಿಯ ನಡುವಿನ ಆ ವಿಶಾಲ ಜಾಗ ಇದೆಯಲ್ಲ, ಅದು ಮೊಗಲರ ಔದಾರ್ಯವಲ್ಲ. ಅಲ್ಲಿ ಒತ್ತೊತ್ತಾಗಿ ಜನ ಇದ್ದರು. ಜಾಮಾ ಮಸೀದಿಯನ್ನು ವಶಪಡಿಸಿಕೊಂಡು 1862ರಲ್ಲಿ ವಾಪಸು ಕೊಟ್ಟರು; ಬೀದಿಯ ಇನ್ನೊಂದು ತುದಿಯ ಫತೇಪುರಿ ಮಸೀದಿಯನ್ನು ಒಬ್ಬ ಸಾಹುಕಾರನಿಗೆ ಮಾರಿ, 1877ರಲ್ಲಿ ಹಿಂತಿರುಗಿಸಿದರು. ಜಹಾನಾರಾಳ ಸರಾಯಿ ಹೋಯಿತು, ಅಲ್ಲಿ ಟೌನ್ ಹಾಲ್ ಬಂತು. ಕೊಳವಿದ್ದ ಕಡೆ ಗಡಿಯಾರದ ಗೋಪುರ ಎದ್ದಿತು. (ಅದೂ ಉಳಿಯಲಿಲ್ಲ. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಲ್ಲಿ ಕುಸಿಯಿತು. ಆದರೂ ಹಳಬರು ಈಗಲೂ ಆ ಜಾಗವನ್ನು ಘಂಟಾಘರ್ ಎಂದೇ ಕರೆಯುತ್ತಾರೆ.) 1860ರ ದಶಕದಲ್ಲಿ ರೈಲು ಬಂತು, ಊರ ಹೊರಗಲ್ಲ, ಗೋಡೆಯೊಳಗೇ ಸೀಳಿಕೊಂಡು.

ಇದನ್ನೆಲ್ಲ ಕಣ್ಣಾರೆ ಕಂಡು ಬರೆದಿಟ್ಟವನು ಕವಿ ಗಾಲಿಬ್. ಆತ ಬಲ್ಲಿಮಾರಾನ್‌ನ ಗಲಿ ಕಾಸಿಂ ಜಾನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದ. ಯಾವ ಬಜಾರು ಹೋಯಿತು, ಯಾವ ಬಾವಿ ಮುಚ್ಚಿತು ಅಂತ ಊರು ಬಿಟ್ಟುಹೋದ ಗೆಳೆಯರಿಗೆ ಪತ್ರದಲ್ಲಿ ತಿಳಿಸುತ್ತಿದ್ದ. ಖಾಸ್ ಬಜಾರ್, ಉರ್ದು ಬಜಾರ್, ಖಾನಂ ಬಜಾರ್ ಎಂದು ಸತ್ತವರ ಹೆಸರು ಹೇಳುವಂತೆ ಬೀದಿಗಳ ಹೆಸರು ಹೇಳುತ್ತಾನೆ. ಅವನು 1869ರಲ್ಲಿ ತೀರಿಕೊಂಡ. ಆಮೇಲೆ ಆ ಮನೆ ಕಲ್ಲಿದ್ದಲು ಡಿಪೋ ಆಯಿತು, ಕಾರ್ಖಾನೆಯಾಯಿತು. 1990ರ ದಶಕದಲ್ಲಿ ವಿಷಯ ಕೋರ್ಟಿಗೆ ಹೋಗಿ, ದೆಹಲಿ ಸರ್ಕಾರ ಮನೆಯ ಒಂದು ಭಾಗವನ್ನಷ್ಟೇ ವಶಕ್ಕೆ ತೆಗೆದುಕೊಂಡು ದುರಸ್ತಿ ಮಾಡಿ, 2000ದ ಡಿಸೆಂಬರಿನಲ್ಲಿ ಸ್ಮಾರಕ ಅಂತ ತೆರೆಯಿತು. ನಮ್ಮ ನಡುಮನೆಗಿಂತ ಸ್ವಲ್ಪ ದೊಡ್ಡದಿರಬಹುದು. ನೆಂಟರು ಐದು ನಿಮಿಷದಲ್ಲಿ ನೋಡಿ ಮುಗಿಸಿ ಚಪ್ಪಲಿ ಖರೀದಿಗೆ ಹೊರಡುತ್ತಾರೆ. ಬಲ್ಲಿಮಾರಾನ್ ಈಗ ಕನ್ನಡಕಕ್ಕೂ ಚಪ್ಪಲಿಗೂ ಹೆಸರುವಾಸಿ.

ಎರಡನೆಯ ಸುಧಾರಣೆ ಗುಂಡಿನಿಂದಲ್ಲ, ಕಾಗದದಿಂದ ಬಂತು. ಹೊಸದಿಲ್ಲಿ 1931ರಲ್ಲಿ ಉದ್ಘಾಟನೆಯಾಯಿತು. ಅಗಲ ರಸ್ತೆ, ಹುಲ್ಲುಹಾಸು ಎಲ್ಲ ಅಲ್ಲಿ. ಗೋಡೆಯೊಳಗಿನ ಊರಿಗೆ ಸಿಕ್ಕಿದ್ದು ಜನದಟ್ಟಣೆ. 1936ರಲ್ಲಿ ಹ್ಯೂಮ್ ಎಂಬ ಐ.ಸಿ.ಎಸ್. ಅಧಿಕಾರಿ ಈ ದಟ್ಟಣೆ ನಿವಾರಣೆಯ ಬಗ್ಗೆ ವರದಿ ಕೊಟ್ಟ, ಮರುವರ್ಷ ದೆಹಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಈ ಹೆಸರು ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ 1903ರಲ್ಲೇ, ಬೆಂಗಳೂರಿನಲ್ಲಿ 1945ರಲ್ಲಿ ಅದೇ ಮಾದರಿಯ ಸಿ.ಐ.ಟಿ.ಬಿ. ಬಂದಿತ್ತು. ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿಗೆ ಹೆದರಿ ಬಸವನಗುಡಿ, ಮಲ್ಲೇಶ್ವರ ಕಟ್ಟಿದ ಬುದ್ಧಿಯೇ ಇಲ್ಲೂ ಕೆಲಸ ಮಾಡಿದ್ದು: ಹಳೆಯದನ್ನು ರೋಗಿ ಅಂತ ಬಿಟ್ಟು ಪಕ್ಕದಲ್ಲಿ ಹೊಸದು ಕಟ್ಟುವುದು. ನಾವು ದಕ್ಷಿಣದವರು ಇಡ್ಲಿ ಕಾಫಿ ಹುಡುಕಿಕೊಂಡು ಹೋಗುವ ಕರೋಲ್‌ಬಾಗ್‌ನ ಡಬ್ಲ್ಯೂ.ಇ.ಎ. ಆ ಟ್ರಸ್ಟ್ ಬೆಳೆಸಿದ ವಿಸ್ತರಣೆಯೇ. ಟ್ರಸ್ಟ್ 1957ರಲ್ಲಿ ಡಿ.ಡಿ.ಎ. ಆಯಿತು, ಬೆಂಗಳೂರಿನ ಬೋರ್ಡು 1976ರಲ್ಲಿ ಬಿ.ಡಿ.ಎ. ಆಯಿತು.

ಊರಿನ ದಕ್ಷಿಣದ ಗೋಡೆಯನ್ನು 1950ರ ಸುಮಾರಿಗೆ ಕೆಡವಿ ಅಲ್ಲಿ ಆಸಫ್ ಅಲಿ ರಸ್ತೆ ಮಾಡಿದರು. ಗೋಡೆ ಹೋಗಿ ಬಾಗಿಲು ಮಾತ್ರ ಉಳಿದರೆ ಹೇಗಿರುತ್ತೆ ಅಂತ ನೋಡಬೇಕಾದರೆ ತುರ್ಕ್‌ಮನ್ ಗೇಟಿಗೆ ಹೋಗಿ. 1956ರಲ್ಲಿ ಕೊಳಚೆ ಪ್ರದೇಶಗಳ ಕಾಯಿದೆ ಬಂತು, ಅದರಡಿಯಲ್ಲಿ ಷಾಜಹಾನಾಬಾದ್ ಅಧಿಕೃತವಾಗಿ ಕೊಳಚೆ ಪ್ರದೇಶ ಎನ್ನಿಸಿಕೊಂಡಿತು! ಚಕ್ರವರ್ತಿಯ ಮಗಳು ಯೋಜಿಸಿದ ಬೀದಿಗೂ ರೈಲು ಹಳಿ ಪಕ್ಕದ ಗುಡಿಸಲಿಗೂ ಒಂದೇ ಸೀಲು.

ಇಷ್ಟಾದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಇಂಗ್ಲಿಷರನ್ನೋ ಸರ್ಕಾರವನ್ನೋ ಬೈದು ಕೈತೊಳೆದುಕೊಳ್ಳುವ ಹಾಗಿಲ್ಲ. ಹವೇಲಿಗಳು ಒಳಗಿನಿಂದಲೂ ಕುಸಿದವು. 1947ರಲ್ಲಿ ಎಷ್ಟೋ ಮುಸ್ಲಿಂ ಕುಟುಂಬಗಳು ಮನೆಗೆ ಬೀಗ ಹಾಕಿ ಪಾಕಿಸ್ತಾನಕ್ಕೆ ಹೋದರು, ಆ ಕಡೆಯಿಂದ ಬಂದ ನಿರಾಶ್ರಿತರು ಒಂದೊಂದು ಕೋಣೆಗೆ ಒಂದೊಂದು ಸಂಸಾರದಂತೆ ತುಂಬಿಕೊಂಡರು. ಆಮೇಲೆ 1958ರ ಬಾಡಿಗೆ ನಿಯಂತ್ರಣ ಕಾಯಿದೆ. ಹಳೇ ಬಾಡಿಗೆ ಹಾಗೇ ಹೆಪ್ಪುಗಟ್ಟಿತು. ತಿಂಗಳಿಗೆ ಮೂವತ್ತು ರೂಪಾಯಿ ಬಾಡಿಗೆ ಬರುವ ಮನೆಗೆ ಮಾಲೀಕ ಯಾಕೆ ಸುಣ್ಣ ಹೊಡೆಸುತ್ತಾನೆ? ಬಾಡಿಗೆದಾರನಿಗೂ ತನ್ನದಲ್ಲದ ಗೋಡೆಯ ಚಿಂತೆಯಿಲ್ಲ. ಮೇಲಾಗಿ ಒಂದು ಹವೇಲಿಗೆ ಇಪ್ಪತ್ತು ಮೂವತ್ತು ಜನ ವಾರಸುದಾರರು. ಇದು ಯಾಕೆ ಹೀಗೆ ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಚೌಕಿ ಮನೆ ಹಿಸ್ಸೆಯಾದಾಗ ಅಂಗಳದ ನಡುವೆಯೇ ಗೋಡೆ ಎದ್ದಿತು. ಹಂಚು ಒಡೆದು ಸೋರುವುದು ಯಾರ ಪಾಲಿನ ಮಾಡು ಅಂತ ಎರಡು ಮಳೆಗಾಲ ವಾದ ನಡೆದು, ಮೂರನೆಯ ಮಳೆಗಾಲದಲ್ಲಿ ಪಕಾಸಿ ಸಮೇತ ಕೆಳಗೆ ಬಂತು. ಕಂಬಗಳನ್ನು ಯಾವುದೋ ರೆಸಾರ್ಟಿನವರು ಲಾರಿಯಲ್ಲಿ ಒಯ್ದರು. ಒಂದು ಕಂಬಕ್ಕೆ ಎಷ್ಟು ಸಿಕ್ಕಿತು ಅಂತ ಚಿಕ್ಕಪ್ಪ ನನಗೆ ಫೋನಿನಲ್ಲಿ ಖುಷಿಯಿಂದಲೇ ಹೇಳಿದರು. ನಾನು ದಿಲ್ಲಿಯಲ್ಲಿ ಕೂತು ಬೇಜಾರು ಮಾಡಿಕೊಂಡೆ. ದೂರದಲ್ಲಿದ್ದು ಬೇಜಾರು ಮಾಡಿಕೊಳ್ಳುವುದು ಸುಲಭ, ಖರ್ಚಿಲ್ಲ.

ಜನ ಬಿಟ್ಟುಹೋದ ಕೋಣೆಗಳಿಗೆ ಮೂಟೆಗಳು ಬಂದವು. 1961ರ ನಂತರ ಗೋಡೆಯೊಳಗಿನ ಜನಸಂಖ್ಯೆ ಇಳಿಯುತ್ತಾ ಬಂತು, ಗೋದಾಮುಗಳು ಏರುತ್ತಾ ಬಂದವು. ಸಗಟು ವ್ಯಾಪಾರವನ್ನು ಹೊರಕ್ಕೆ ಸಾಗಿಸಬೇಕು ಎಂದು 1962ರ ಮಾಸ್ಟರ್ ಪ್ಲಾನ್ ಹೇಳಿತು. ಆಮೇಲಿನ ಪ್ಲಾನುಗಳೂ ಅದನ್ನೇ ಹೇಳಿದವು. ಬೇಗಂ ಸಮ್ರೂಳ ಅರಮನೆ ಈಗ ಭಗೀರಥ ಪ್ಯಾಲೇಸ್ ಎಂಬ ಕರೆಂಟ್ ಸಾಮಾನಿನ ಪೇಟೆ. ಕಂಬಗಳನ್ನು ನೋಡಬೇಕಾದರೆ ಜೋತುಬಿಟ್ಟ ದೀಪಗಳ ಸರ ಸರಿಸಿ ಕತ್ತೆತ್ತಬೇಕು. 2022ರ ನವೆಂಬರಿನಲ್ಲಿ ಆ ಪೇಟೆಗೆ ಬಿದ್ದ ಬೆಂಕಿ ದಿನಗಟ್ಟಲೆ ಉರಿಯಿತು.

ಇನ್ನು ಮೂರನೆಯ ಸುಧಾರಣೆ. ಅದರ ಕಥೆ ನನಗೆ ಪುಸ್ತಕದಿಂದ ಬರುವ ಮೊದಲು ಒಬ್ಬ ದರ್ಜಿಯಿಂದ ಬಂತು. ನಾನಿರುವುದು ಯಮುನೆಯ ಆಚೆ, ಮಯೂರ ವಿಹಾರದಲ್ಲಿ. ಪಕ್ಕದಲ್ಲೇ ತ್ರಿಲೋಕಪುರಿ. ನನ್ನ ಪ್ಯಾಂಟು ಸರಿಮಾಡಿಕೊಡುವ ಚಾಚಾ ಅಲ್ಲಿಂದ ಹೊಲಿಗೆ ಯಂತ್ರ ತಂದು ನಮ್ಮ ಗೇಟಿನ ಹತ್ತಿರ ಕೂರುತ್ತಿದ್ದರು. ಗುಂಡಿ, ದಾರ, ಜಿಪ್ಪು ಏನು ಬೇಕಾದರೂ ಅವರು ಹಳೇ ದಿಲ್ಲಿಗೇ ಹೋಗಿ ತರುವುದು. ಇಲ್ಲೇ ಸಿಗುತ್ತಲ್ಲ ಚಾಚಾ, ಅಷ್ಟು ದೂರ ಯಾಕೆ ಅಂದರೆ, "ಘರ್ ಹೋ ಆತಾ ಹೂಂ" ಅಂದರು. ಮನೆಗೆ ಹೋಗಿಬರ್ತೀನಿ. ಮನೆ ಎಲ್ಲಿ? ತುರ್ಕ್‌ಮನ್ ಗೇಟಿನಲ್ಲಿ. ಆ ಮನೆ ಬಿದ್ದಾಗ ಅವರಿಗೆ ಎಂಟು ವರ್ಷವಂತೆ.

ಅದು ತುರ್ತುಪರಿಸ್ಥಿತಿಯ ಕಾಲ, 1976ರ ಏಪ್ರಿಲ್. ಸಂಜಯ್ ಗಾಂಧಿಯ ಮಾತೇ ಕಾನೂನು. ಡಿ.ಡಿ.ಎ. ಉಪಾಧ್ಯಕ್ಷರಾಗಿದ್ದವರು ಜಗಮೋಹನ್. ಅವರು ಹಿಂದಿನ ವರ್ಷವಷ್ಟೇ ಷಾಜಹಾನಾಬಾದನ್ನು ಪುನಃ ಕಟ್ಟುವ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದರು. ಅದಕ್ಕೇ ನನಗೆ ಊರನ್ನು ದ್ವೇಷಿಸುವವರಿಗಿಂತ ತಮ್ಮ ತಲೆಯಲ್ಲಿರುವ ಊರನ್ನು ಪ್ರೀತಿಸುವವರ ಬಗ್ಗೆ ಹೆಚ್ಚು ಭಯ. ಬುಲ್ಡೋಜರುಗಳು ಬಂದವು. ಅದೇ ದಿನಗಳಲ್ಲಿ ಹತ್ತಿರದ ದುಜಾನಾ ಹೌಸಿನಲ್ಲಿ ಸಂತಾನಹರಣ ಶಿಬಿರವೂ ನಡೆಯುತ್ತಿತ್ತು. ಎರಡು ಭಯಗಳೂ ಕೂಡಿ ಜನ ಅಡ್ಡ ನಿಂತರು. ಏಪ್ರಿಲ್ 19ರಂದು ಗೋಲಿಬಾರಾಯಿತು. ಎಷ್ಟು ಮಂದಿ ಸತ್ತರೆಂಬ ಲೆಕ್ಕದಲ್ಲಿ ಪೊಲೀಸರಿಗೂ ಮೊಹಲ್ಲಾದವರಿಗೂ ಯಾವತ್ತೂ ತಾಳೆಯಾಗಲಿಲ್ಲ. ಸೆನ್ಸಾರ್ ಇದ್ದದ್ದರಿಂದ ಪತ್ರಿಕೆಯಲ್ಲಿ ಬರಲಿಲ್ಲ. ಮರುವರ್ಷ ಸರ್ಕಾರ ಬಿದ್ದಮೇಲೆ ನ್ಯಾಯಮೂರ್ತಿ ಷಾ ಆಯೋಗ ಇದನ್ನೂ ವಿಚಾರಿಸಿತು.

ಮನೆ ಕಳೆದುಕೊಂಡವರನ್ನು ಲಾರಿಯಲ್ಲಿ ತುಂಬಿ ನದಿಯಾಚೆ ನಂದನಗರಿ, ತ್ರಿಲೋಕಪುರಿಯಂಥ ಬಯಲುಗಳಲ್ಲಿ ಇಳಿಸಿದರು. ಒಂದು ಕುಟುಂಬಕ್ಕೆ 25 ಚದರ ಗಜ. ಅಂದರೆ ಹದಿನೈದಡಿ ಉದ್ದ, ಹದಿನೈದಡಿ ಅಗಲ. ನಮ್ಮಲ್ಲಿ ಅಡಿಕೆ ಒಣಗಿಸುವ ಒಂದು ಚಪ್ಪರದಷ್ಟೂ ಇಲ್ಲ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು "ಇದು ನಿಮ್ದು" ಅಂದರಂತೆ. ಚಾಚಾನ ಅಜ್ಜಿ ಲಾರಿಗೆ ಬೇರೇನೂ ಹತ್ತಿಸದೆ ಮನೆಯ ಬಾಗಿಲಿನ ದಾರಂದವನ್ನು ತಂದಿದ್ದಳು. ಗೋಡೆಯಿಲ್ಲದ ಬಯಲಿನಲ್ಲಿ ಅದನ್ನು ನಿಲ್ಲಿಸಿಕೊಂಡು ಮೊದಲ ರಾತ್ರಿ ಕಳೆದರಂತೆ. ಈಗ ಆ ದಾರಂದ ಇದೆಯಾ ಅಂತ ಕೇಳಿದೆ. "ಗೆದ್ದಲು ತಿಂದಿತು" ಅಂದರು. ಅಷ್ಟೇ.

ಕಟ್ಟಡ ಉಳಿದು ಜನ ಹೋದರೆ ಅದನ್ನು ಸಂರಕ್ಷಣೆ ಅನ್ನಬೇಕೋ ಬೇಡವೋ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಆ ದಿನ. ಧರಂಪುರದ ಹವೇಲಿಯೊಂದನ್ನು ವರ್ಷಗಟ್ಟಲೆ ಶ್ರಮಪಟ್ಟು ರಿಪೇರಿ ಮಾಡಿ 2016ರಲ್ಲಿ ಹೋಟೆಲಾಗಿ ತೆರೆದರು. ಚೆನ್ನಾಗಿದೆ, ಅದು ಬಿದ್ದುಹೋಗುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಎಲ್ಲ ಹವೇಲಿಗಳೂ ಹೋಟೆಲಾದರೆ ಗಲ್ಲಿಯಲ್ಲಿ ಹಾಲು ತರಲು ಹೋಗುವವರು ಯಾರು? 2008ರಲ್ಲಿ ಷಾಜಹಾನಾಬಾದ್ ಪುನರಭಿವೃದ್ಧಿ ನಿಗಮ ಹುಟ್ಟಿತು. ಯುನೆಸ್ಕೋ ಪಟ್ಟಿಗೆಂದು ಹಳೇ ದಿಲ್ಲಿ, ಹೊಸದಿಲ್ಲಿ ಎರಡನ್ನೂ ಸೇರಿಸಿ ಕಳಿಸಿದ್ದ ಅರ್ಜಿಯನ್ನು 2015ರಲ್ಲಿ ಕೇಂದ್ರ ಸರ್ಕಾರವೇ ಹಿಂದಕ್ಕೆ ಪಡೆಯಿತು. ಪಟ್ಟಿಗೆ ಸೇರಿದರೆ ಕಟ್ಟುವುದಕ್ಕೆಲ್ಲ ಅಡ್ಡಿ ಬಂದೀತು ಎಂಬ ಆತಂಕ. ಎರಡು ವರ್ಷದಲ್ಲಿ ಆ ಗೌರವ ಅಹಮದಾಬಾದಿಗೆ ಹೋಯಿತು.

ಬೇರೆ ದಾರಿಯೇ ಇಲ್ಲವೇ? ಇದೆ, ದೆಹಲಿಯಲ್ಲೇ ಇದೆ. ನಿಜಾಮುದ್ದೀನ್ ರೈಲ್ವೆ ಸ್ಟೇಷನ್ ಕನ್ನಡಿಗರಿಗೆ ಚೆನ್ನಾಗಿ ಗೊತ್ತು, ಊರಿಗೆ ಹೋಗುವ ರೈಲು ಅಲ್ಲಿಂದ ಹೊರಡುತ್ತೆ. ಅದಕ್ಕೆ ಹೆಸರು ಕೊಟ್ಟ ಸಂತನ ದರ್ಗಾ ಮತ್ತು ಅದನ್ನು ಸುತ್ತಿಕೊಂಡ ಬಸ್ತಿ ಹತ್ತಿರದಲ್ಲೇ ಇವೆ. ಗಾಲಿಬನ ಸಮಾಧಿಯೂ ಅಲ್ಲೇ. ನಮಗೆ ಇನ್ನೊಂದು ನಂಟೂ ಉಂಟು. ನಿಜಾಮುದ್ದೀನರ ಶಿಷ್ಯ ನಸೀರುದ್ದೀನ್ ಚಿರಾಗ್ ದೆಹಲವಿ, ಅವರ ಶಿಷ್ಯ ಗೇಸುದರಾಜ್, ಅಂದರೆ ನಮ್ಮ ಕಲಬುರಗಿಯ ಬಂದೇ ನವಾಜರು. 1398ರಲ್ಲಿ ತೈಮೂರ್ ದೆಹಲಿಯ ಮೇಲೆ ಬಂದಾಗ ಎಪ್ಪತ್ತು ದಾಟಿದ್ದ ಆ ಮುದುಕ ಊರು ಬಿಟ್ಟು, ಕೊನೆಗೆ ಕಲಬುರಗಿಯಲ್ಲಿ ನೆಲೆ ನಿಂತರು. ದೆಹಲಿ ಒಡೆದಾಗಲೆಲ್ಲ ಅದರ ಚೂರು ಎಲ್ಲೆಲ್ಲಿಗೋ ಸಿಡಿದಿದೆ, ಒಂದು ನಮ್ಮಲ್ಲಿಗೂ ಬಂತು.

ಈ ಬಸ್ತಿಯಲ್ಲಿ ಆಗಾ ಖಾನ್ ಸಂಸ್ಥೆಯವರು ಪುರಾತತ್ವ ಇಲಾಖೆ, ಕಾರ್ಪೊರೇಷನ್ ಜೊತೆ 2007ರಲ್ಲಿ ಕೆಲಸ ಶುರುಮಾಡಿದರು. ಅಲ್ಲಿ 1321ರ ಸುಮಾರಿಗೆ ತೋಡಿದ ಮೆಟ್ಟಿಲು ಬಾವಿಯಿದೆ. 2008ರ ಜುಲೈಯಲ್ಲಿ ಅದರ ಒಂದು ಪಕ್ಕ ಕುಸಿಯಿತು. ಬಾವಿಯ ಅಂಚಿನ ಮೇಲೇ ಮನೆ ಕಟ್ಟಿಕೊಂಡವರಿದ್ದರು. ಅವರಿಗೆ ಬೇರೆ ಮನೆ ಒದಗಿಸಿ, ಶತಮಾನಗಳ ಹೂಳು ಎತ್ತಿ, ಬಾವಿಯನ್ನು ನಿಲ್ಲಿಸಿದರು. ಆದರೆ ನನಗೆ ಮುಖ್ಯವಾಗಿ ಕಂಡದ್ದು ಬಾವಿಯಲ್ಲ. ಅದರ ಜೊತೆಗೇ ಕಾರ್ಪೊರೇಷನ್ ಶಾಲೆ ರಿಪೇರಿಯಾಯಿತು, ಆಸ್ಪತ್ರೆ ಸುಧಾರಿಸಿತು, ಶೌಚಾಲಯ ಬಂತು. ಹೆಂಗಸರು ಕಾಗದ ಕತ್ತರಿಸುವ ಸಾಂಝಿ ಕಲೆ ಕಲಿತು 'ಇನ್ಷಾ-ಎ-ನೂರ್' ಎಂದು ಹೆಸರಿಟ್ಟುಕೊಂಡು ಮಾರಿದರು, ಬಸ್ತಿಯ ಹುಡುಗರೇ ಪ್ರವಾಸಿಗಳಿಗೆ ದಾರಿ ತೋರಿಸಿದರು. ಯುನೆಸ್ಕೋ 2021ರಲ್ಲಿ ಈ ಕೆಲಸಕ್ಕೆ ತನ್ನ ಏಷ್ಯಾ-ಪೆಸಿಫಿಕ್ ಪ್ರಶಸ್ತಿಗಳಲ್ಲಿ ದೊಡ್ಡದನ್ನೇ ಕೊಟ್ಟಿತು. ಬಸ್ತಿ ಸ್ವರ್ಗವೇನಾಗಿಲ್ಲ, ಮೋರಿ ಈಗಲೂ ನಾರುತ್ತದೆ. ಆದರೆ ಅಲ್ಲಿದ್ದವರು ಬಹುಪಾಲು ಅಲ್ಲೇ ಇದ್ದಾರೆ.

ಕೊನೆಯದಾಗಿ ಚಾಂದನಿ ಚೌಕ. ಕೋಟೆಯಿಂದ ಫತೇಪುರಿವರೆಗಿನ 1.3 ಕಿಲೋಮೀಟರ್ ರಸ್ತೆಗೆ ಕೆಂಪು ಕಲ್ಲು ಹಾಸಿ, ತಂತಿಗಳನ್ನು ನೆಲದಡಿ ಹೂತು, 2021ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿದರು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಕ್ಕೆ ನಿಷೇಧ. ನಾನು ಮೊದಲು ಮೂಗು ಮುರಿದಿದ್ದೆ, ಆಮೇಲೆ ಊರಿಂದ ಬಂದ ಅಮ್ಮನನ್ನು ಕರೆದುಕೊಂಡು ಹೋದೆ. ಮೊಣಕಾಲು ನೋವಿನ ಆಕೆ ಕಲ್ಲುಬೆಂಚಿನ ಮೇಲೆ ಮೂರು ಕಡೆ ಕೂತು, ಎದ್ದು, ಇಡೀ ಬೀದಿ ನಡೆದಳು. ಅಷ್ಟರ ಮಟ್ಟಿಗೆ ನಾನು ಸೋತೆ. ನಿಯಮ ತಪ್ಪಿಸಿ ನುಗ್ಗುವ ಸ್ಕೂಟರುಗಳೂ ಇವೆ ಅನ್ನಿ. ಆದರೆ ಪಕ್ಕದ ಯಾವ ಗಲ್ಲಿಗೆ ಕಾಲಿಟ್ಟರೂ ಅದೇ ತಂತಿ, ಅದೇ ಸೋರುವ ಮಾಡು. ಕೆಂಪು ಕಲ್ಲು ಗಲ್ಲಿಯ ಬಾಯಿಗೆ ನಿಂತುಬಿಟ್ಟಿದೆ.

ಮೊನ್ನೆ ಬೆಳಿಗ್ಗೆ ಒಂಬತ್ತು ಗಂಟೆ ಆಗಿಹೋಗಿತ್ತು. ಫತೇಪುರಿಯ ಹತ್ತಿರ ಒಬ್ಬ ಹಮಾಲಿ ರಸ್ತೆಗೆ ನೆಟ್ಟ ಕೆಂಪು ಕಲ್ಲಿನ ಗೂಟಗಳ ಮೇಲೆ ತನ್ನ ಮೂಟೆ ಇಳಿಸಿ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ನಿಂತಿದ್ದ. ನಮ್ಮ ಘಟ್ಟದ ದಾರಿಯಲ್ಲಿ ಹೊರೆಗಲ್ಲು ಇರುತ್ತಿತ್ತಲ್ಲ, ಎದೆಮಟ್ಟದ ಕಲ್ಲು, ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ ಸುಧಾರಿಸಿಕೊಳ್ಳಲಿ ಅಂತ ಪುಣ್ಯಾತ್ಮರು ನೆಡಿಸಿದ್ದು. ಇಲ್ಲಿನ ಗೂಟ ಸೊಂಟಕ್ಕೂ ಬರುವುದಿಲ್ಲ, ಅದನ್ನು ನೆಟ್ಟದ್ದು ಗಾಡಿ ತಡೆಯಲು. ಗೋಣಿಯ ಮೇಲೆ ಹಸಿರು ಶಾಯಿಯಲ್ಲಿ ಕನ್ನಡದ ಎರಡು ಅಕ್ಷರ, ಯಾವುದೋ ಮಂಡಿಯ ಗುರುತು. ಕಾವಲಿನವನು ಸೀಟಿ ಊದಿ, ತೆಗಿ ತೆಗಿ ಅಂದ. ಹಮಾಲಿ ಎರಡು ನಿಮಿಷ ಅಂತ ಬೆರಳು ತೋರಿಸಿದ. ಮತ್ತೆ ಸೀಟಿ. ಅವನು ಸುತ್ತ ನೋಡಿದ, ನಾನು ಹತ್ತಿರವಿದ್ದೆ. "ಬಾಬೂಜಿ, ಜರಾ ಹಾಥ್ ಲಗಾನಾ" ಅಂದ. ನಾನು ಚೀಲ ಕೆಳಗಿಟ್ಟು ಮೂಟೆಯ ಒಂದು ಕಿವಿ ಹಿಡಿದೆ.